ಪುಟ್ಟ ರೈಲುಡಬ್ಬಿಗೆ ಚಿಕ್ಕ ಭಾಗಗಳನ್ನು ಎಲ್ಲಿ ಹುಡುಕಬೇಕು?

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಊರಿಗೆ ಹೋಗುವ ಗಾಡಿಯ ಒಂದು ಸ್ಲೀಪರ್ ಡಬ್ಬಿಯ ಮಾದರಿಯನ್ನು ಮಾಡಿ ವಾಚನಾಲಯದ ಗಾಜಿನ ಕಪಾಟಿನಲ್ಲಿ ಇಡಬೇಕೆಂದು ನಮ್ಮ ಹುಡುಗರು ಹೊರಟಿರುವುದು ತಮಗೆಲ್ಲ ತಿಳಿದೇ ಇದೆ. ಡಬ್ಬಿಯ ಒಡಲು ಪ್ಲಾಸ್ಟಿಕ್ ಹಾಳೆಯಲ್ಲಿ ಸಿದ್ಧವಾಗಿದೆ. ಈಗ ಬೇಕಾಗಿರುವುದು ಸಣ್ಣ ಸಣ್ಣ ಭಾಗಗಳು: ಬಾಗಿಲ ಪಕ್ಕದ ಹಿಡಿಕಂಬಿ, ಕಿಟಕಿಯ ಅಡ್ಡಸರಳು, ಮೆಟ್ಟಿಲು, ಮಾಡಿನ ಗಾಳಿಗೂಡು, ಬಫರು, ಬ್ರೇಕಿನ ನಳಿಕೆ. ಅವುಗಳನ್ನು ಎಲ್ಲಿಂದ ತರುವುದೆಂಬ ವಿಷಯದಲ್ಲಿ ಎರಡು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಇಂಜಿನಿಯರನಲ್ಲ, ಮಿಲ್ಲಿನಲ್ಲಿ ಸ್ಟೋರಿನ ಲೆಕ್ಕ ಬರೆಯುವವನು. ಆದರೆ ಯಾವ ಸಾಮಾನು ಯಾವ ಅಳತೆಯದು, ಎಲ್ಲಿ ಸಿಗುತ್ತದೆ ಎಂಬುದೇ ನನ್ನ ದಿನದ ಕೆಲಸವಾದ್ದರಿಂದ ಈ ವಿಷಯ ನನಗೆ ತೀರ ಹೊರಗಿನದೆನಿಸಲಿಲ್ಲ.

ಮೊದಲು ಒಂದು ಶಬ್ದದ ಗೊಂದಲವನ್ನು ಬಿಡಿಸಿಬಿಡುತ್ತೇನೆ. ನಾವು ಬೋಗಿ ಎನ್ನುವುದು ಇಡೀ ಡಬ್ಬಿಗೆ. ರೈಲ್ವೆಯವರ ಭಾಷೆಯಲ್ಲಿ ಬೋಗಿ ಎಂದರೆ ಡಬ್ಬಿಯ ಕೆಳಗಿನ ನಾಲ್ಕು ಗಾಲಿಗಳ ಚೌಕಟ್ಟು. ಒಂದು ಡಬ್ಬಿಗೆ ಅಂಥವು ಎರಡು. ಅಂಗಡಿಯವನಿಗೆ ಬೋಗಿ ಬೇಕೆಂದು ಬರೆದರೆ ಗಾಲಿಚೌಕಟ್ಟೇ ಬರುತ್ತದೆ. ಆದ್ದರಿಂದ ಇಂದು ನಾನು ಡಬ್ಬಿ, ಗಾಲಿಚೌಕಟ್ಟು ಎಂದೇ ಹೇಳುತ್ತೇನೆ.

ನಮ್ಮ ಮಾದರಿಯ ಪ್ರಮಾಣ ಹೆಚ್.ಓ., ಅಂದರೆ 87ರಲ್ಲಿ ಒಂದು ಪಾಲು. ನಿಜವಾದ ಒಂದು ಅಡಿ ಇಲ್ಲಿ ಮೂರೂವರೆ ಮಿಲಿಮೀಟರ್ ಆಗುತ್ತದೆ. ಪೆರಂಬೂರಿನ ಕಾರ್ಖಾನೆಯ ನಕ್ಷೆಯಂತೆ ಕಟ್ಟಿದ ಐ.ಸಿ.ಎಫ್. ಡಬ್ಬಿಯ ಉದ್ದ 21,337 ಮಿ.ಮೀ.; ಮಾದರಿಯಲ್ಲಿ ಅದು 245 ಮಿ.ಮೀ. ಈಗ ಎಲ್ಲೆಡೆ ಬರುತ್ತಿರುವ ಎಲ್.ಹೆಚ್.ಬಿ. ಡಬ್ಬಿ 23,540 ಮಿ.ಮೀ. ಇದೆ, ಮಾದರಿಯಲ್ಲಿ ಸುಮಾರು 270. ಒಂದಕ್ಕೂ ಇನ್ನೊಂದಕ್ಕೂ ಒಂದು ಅಂಗುಲದಷ್ಟು ಅಂತರ. ಸ್ಲೀಪರಿನಲ್ಲಿ ಹಳೆಯದಕ್ಕೆ 72 ಮಲಗುವ ಜಾಗ, ಹೊಸದಕ್ಕೆ 80. ಅಂದರೆ ಎಂಟೆಂಟು ಜಾಗದ ಅಂಕಣಗಳು ಒಂದರಲ್ಲಿ ಒಂಬತ್ತು, ಇನ್ನೊಂದರಲ್ಲಿ ಹತ್ತು. ನಮ್ಮ ಹುಡುಗರು ಆರಿಸಿಕೊಂಡಿರುವುದು ಹಳೆಯದನ್ನು. ಅದು ಸರಿಯಾದ ಆಯ್ಕೆಯೆಂದೇ ನನ್ನ ಮತ. ಪೆರಂಬೂರಿನ ಕಾರ್ಖಾನೆ 1955ರ ಅಕ್ಟೋಬರ್ 2ರಂದು ಸ್ವಿಟ್ಸರ್‌ಲೆಂಡಿನ ಕಂಪನಿಯೊಂದರ ನೆರವಿನಿಂದ ಆರಂಭವಾಯಿತು. ಆ ಮಾದರಿಯ ಕೊನೆಯ ಡಬ್ಬಿ ಅಲ್ಲಿಂದ ಹೊರಬಿದ್ದದ್ದು 2018ರ ಜನವರಿಯಲ್ಲಿ. ಇಂಥ ಡಬ್ಬಿಗೆ ರೈಲ್ವೆಯವರು ಹಾಕಿರುವ ಆಯುಸ್ಸು 25 ವರ್ಷ. ಲೆಕ್ಕ ತಾವೇ ಹಾಕಿಕೊಳ್ಳಿ. ಇಲ್ಲಿಯೇ ಹುಟ್ಟಿದ ನಮ್ಮ ಮಕ್ಕಳಿಗೆ ಬೆಳಗಾವಿ, ಹುಬ್ಬಳ್ಳಿಗಳ ಮೊದಲ ಪರಿಚಯವಾದದ್ದು ಈ ಡಬ್ಬಿಯ ಕಿಟಕಿಯ ಅಡ್ಡಸರಳುಗಳ ನಡುವಿನಿಂದ. ಅಳತೆ ತೆಗೆದುಕೊಳ್ಳುವುದಿದ್ದರೆ ಅದು ಇನ್ನೂ ಹಳಿಯ ಮೇಲಿರುವಾಗಲೇ ಆಗಬೇಕು. ಗುಜರಿಗೆ ಹೋದ ಮೇಲೆ ಬಾಗಿಲ ಹಿಡಿಕಂಬಿ ಎಷ್ಟು ದಪ್ಪವಿತ್ತೆಂದು ಯಾರನ್ನು ಕೇಳುವುದು?

“ಇಷ್ಟೆಲ್ಲ ಯಾಕೆ? ವಿದೇಶದಿಂದ ಸಿದ್ಧಭಾಗಗಳ ಪೊಟ್ಟಣ ತರಿಸಿದರಾಯಿತಲ್ಲ” ಎಂದು ಕೆಲವರು ಕೇಳಿದ್ದಾರೆ. ತರಿಸಬಹುದು. ನೋಡಲು ಬಹಳ ಅಂದವಾಗಿಯೂ ಇರುತ್ತವೆ. ತೊಡಕು ಇರುವುದು ಅಲ್ಲಿಯೇ. ಬಫರುಗಳನ್ನೇ ನೋಡಿ. ನಮ್ಮ ಬ್ರಾಡ್‌ಗೇಜಿನಲ್ಲಿ ಎರಡು ಬಫರುಗಳ ನಡುಬಿಂದುಗಳ ಅಂತರ 1956 ಮಿ.ಮೀ.; ಯುರೋಪಿನಲ್ಲಿ ಸುಮಾರು 1750. ಮಾದರಿಯಲ್ಲಿ ಒಂದು ಇಪ್ಪತ್ತೆರಡೂವರೆ, ಇನ್ನೊಂದು ಇಪ್ಪತ್ತು. ಎರಡು ಬಫರು ಸೇರಿದ ಅಡ್ಡತೊಲೆಯನ್ನೇ ತರಿಸಿದರೆ ಡಬ್ಬಿಯ ಮುಖವೇ ಸೊಟ್ಟಗೆ ಕಾಣುತ್ತದೆ. ಬಿಡಿ ಬಫರು ತರಿಸಿದರೆ ಕೆಲಸಕ್ಕೆ ಬರಬಹುದು. ಇಂಗ್ಲೆಂಡಿನ ಭಾಗಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. ಅಲ್ಲಿಯ ಪ್ರಮಾಣ ಹೆಚ್ಚಾಗಿ 76ರಲ್ಲಿ ಒಂದು ಪಾಲು. ಆದ್ದರಿಂದ ಪ್ರತಿಯೊಂದೂ ನಮಗೆ ಬೇಕಾದ್ದಕ್ಕಿಂತ ಏಳನೆಯ ಒಂದು ಪಾಲು ದೊಡ್ಡದಾಗಿರುತ್ತದೆ.

ಗಾಲಿಚೌಕಟ್ಟಿನ ಕಥೆಯೂ ಇದೇ. ಐ.ಸಿ.ಎಫ್. ಚೌಕಟ್ಟಿನಲ್ಲಿ ಎರಡು ಅಚ್ಚುಗಳ ಅಂತರ 2896 ಮಿ.ಮೀ.; ಮಾದರಿಯಲ್ಲಿ 33.3 ಆಗಬೇಕು. ಎಲ್.ಹೆಚ್.ಬಿ.ಯ ಫಿಯಟ್ ಚೌಕಟ್ಟಿನಲ್ಲಿ ಅದು 2560, ಮಾದರಿಯಲ್ಲಿ 29.4. ಈ ಎರಡನೆಯದು ಯುರೋಪಿನ ಮನೆತನದ್ದೇ ಆದ್ದರಿಂದ ಅಲ್ಲಿಯ ಪೊಟ್ಟಣಗಳಲ್ಲಿ ಅದರ ದಾಯಾದಿ ಸಿಕ್ಕೀತು. ನಮ್ಮ ಹಳೆಯದಕ್ಕೆ ಸಿಗುವುದು ಕಷ್ಟ. ಪೊಟ್ಟಣದ ಮೇಲಿನ ಚಿತ್ರವನ್ನು ನಂಬದೆ, ಹಣ ಕೊಡುವ ಮುನ್ನ ಈ ಒಂದು ಅಂಕಿಯನ್ನು ಕೇಳಿ ತಿಳಿದುಕೊಳ್ಳಬೇಕು.

ಹಳಿಯ ಅಗಲದಲ್ಲಂತೂ ಪೇಟೆಯ ಸಾಮಾನು ನಮಗೆ ಒಗ್ಗುವುದೇ ಇಲ್ಲ. ನಮ್ಮ ಬ್ರಾಡ್‌ಗೇಜು 1676 ಮಿ.ಮೀ.; ಮಾದರಿಯಲ್ಲಿ 19 ಕಾಲು. ಪೇಟೆಯಲ್ಲಿ ಮಾರುವ ಹೆಚ್.ಓ. ಹಳಿ 16.5, ಏಕೆಂದರೆ ಅದು 1435 ಮಿ.ಮೀ. ಹಳಿಯ ದೇಶಗಳಿಗಾಗಿ ಮಾಡಿದ್ದು. ಗಾಡಿ ಓಡಿಸುವವರು ಈ ಕೊರತೆಯನ್ನು ಒಪ್ಪಿಕೊಂಡೇ ನಡೆಯುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ನಮ್ಮದು ಕಪಾಟಿನಲ್ಲಿ ನಿಲ್ಲುವ ಡಬ್ಬಿ. ಆದ್ದರಿಂದ ಗಾಲಿಗಳನ್ನು ಉದ್ದನೆಯ ಅಚ್ಚಿಗೆ ಹಾಕಿ, ಎರಡು ಹಳಿಗಳನ್ನು 19 ಕಾಲಿನ ಅಂತರದಲ್ಲಿಯೇ ಅಂಟಿಸೋಣ. (ನ್ಯಾರೋಗೇಜು ಮಾಡುವವರ ಅದೃಷ್ಟ ಬೇರೆ. ನಮ್ಮ ಪಕ್ಕದ ಬಿಲಿಮೋರಾ–ವಘಯಿ ದಾರಿಯ 762 ಮಿ.ಮೀ. ಅಗಲವು ಮಾದರಿಯಲ್ಲಿ 8.8 ಆಗುತ್ತದೆ; ಪೇಟೆಯ 9 ಮಿ.ಮೀ. ಹಳಿ ಹೆಚ್ಚು ಕಡಮೆ ಸರಿಹೊಂದುತ್ತದೆ. ಅದು ಇನ್ನೊಂದು ವರ್ಷದ ಕೆಲಸವಾಗಲಿ.)

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಚಿಕ್ಕ ಭಾಗವು ತನ್ನ ಹೆಸರಿನಿಂದ ಯಾವ ಅಂಗಡಿಯಲ್ಲಿಯೂ ಕೂತಿರುವುದಿಲ್ಲ. ಅಳತೆ ಗೊತ್ತಿದ್ದರೆ ಮಾತ್ರ ಅದು ಬೇರೆ ಹೆಸರಿನಲ್ಲಿ ನಮ್ಮ ಸುತ್ತಲೇ ಇರುವುದು ಕಾಣುತ್ತದೆ. ಪಾಂಡೇಸರಾದಂಥ ಜಾಗದಲ್ಲಿ ಇರುವವರಿಗೆ ಇದು ಬಡತನವಲ್ಲ, ಭಾಗ್ಯ.

32 ಮಿ.ಮೀ. ದಪ್ಪದ ಹಿಡಿಕಂಬಿ ಮಾದರಿಯಲ್ಲಿ 0.37 ಮಿ.ಮೀ. ಆಗುತ್ತದೆ. ಮೋಟಾರ್ ಸುತ್ತುವ ಅಂಗಡಿಗೆ ಹೋಗಿ 28 ನಂಬರಿನ ತಾಮ್ರದ ತಂತಿ ಕೇಳಿ, ಎಸ್.ಡಬ್ಲ್ಯೂ.ಜಿ. ಲೆಕ್ಕದಲ್ಲಿ ಅದು 0.376. ಇದಕ್ಕಿಂತ ಹತ್ತಿರದ್ದು ಜರ್ಮನಿಯಿಂದಲೂ ಬರಲಾರದು. 12 ಮಿ.ಮೀ. ಸರಳಾದರೆ 39 ನಂಬರು ಹಿಡಿಯುತ್ತದೆ. ಗೇಣುದ್ದದ ತುಂಡು ಬೇಡಿದರೆ ಅಂಗಡಿಯವರು ನಕ್ಕು ಹಾಗೆಯೇ ಕೊಡುತ್ತಾರೆ. ತಂದ ತಂತಿ ಸುರುಳಿಯಾಗಿರುತ್ತದೆ. ಒಂದು ತುದಿಯನ್ನು ವೈಸಿನಲ್ಲಿ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು, ತಂತಿ ತುಸು ಸೋತಂತೆ ಕೈಗೆ ತಿಳಿಯುವವರೆಗೆ ನಿಧಾನವಾಗಿ ಎಳೆದರೆ ಬಾಣದ ಹಾಗೆ ನೇರವಾಗುತ್ತದೆ. ಮೇಲಿನ ಅರಗಿನ ಲೇಪವನ್ನು ಮರಳುಕಾಗದದಿಂದ ಕೆರೆಯದಿದ್ದರೆ ಬೆಸುಗೆ ಹಿಡಿಯುವುದಿಲ್ಲ.

ಜರಿಯ ಕೆಲಸದವರ ಹತ್ತಿರ ಬಾದ್ಲಾ ಇರುತ್ತದೆ. ತಂತಿಯನ್ನು ಬಡಿದು ಚಪ್ಪಟೆ ಮಾಡಿದ ಪಟ್ಟಿ ಅದು. ಕಿಟಕಿಯ ಮೇಲಿನ ಮಳೆನೀರ ಅಂಚಿಗೆ ಅದಕ್ಕಿಂತ ಯೋಗ್ಯವಾದದ್ದನ್ನು ನಾನು ಕಂಡಿಲ್ಲ. ನೇಕಾರಿಕೆಯ ಹಳೆಯ ಹಣಿಗೆಯನ್ನು ಬಿಚ್ಚಿದರೆ ತೆಳು ಉಕ್ಕಿನ ನೂರಾರು ಪಟ್ಟಿಗಳು ಸಿಗುತ್ತವೆ, ಮೆಟ್ಟಿಲಿಗೆ ಬೇಕಾದಷ್ಟಾಯಿತು. ಛಾಪಿನ ಖಾತೆಯಲ್ಲಿ ಹರಿದುಹೋದ ನಿಕಲ್ ರೋಟರಿ ಸ್ಕ್ರೀನನ್ನು ಕಂಡು ಹುಡುಗರು “ಜಾಲರಿಗೆ ಇದೇ ಆದೀತು” ಎಂದು ಕುಣಿದರು. ಕೌಂಟಿಂಗ್ ಗ್ಲಾಸಿನಲ್ಲಿ ನೋಡಿರೆಂದು ಹೇಳಿದೆ. ಅದರ ತೂತುಗಳು ಆರು ಮೂಲೆಯವು, ಜೇನುಹುಟ್ಟಿನ ಹಾಗೆ. ಡಬ್ಬಿಯಲ್ಲಿ ನಮಗೆ ಬೇಕಾದ ಜಾಲರಿ ಚೌಕದ್ದು. ಅದಕ್ಕೆ ಫ್ಲಾಟ್ ಸ್ಕ್ರೀನಿನ ಪಾಲಿಯೆಸ್ಟರ್ ಬಟ್ಟೆಯೇ ಸರಿ. ಆದರೆ ರೋಟರಿ ಸ್ಕ್ರೀನಿನ ತೂತಿಲ್ಲದ ಅಂಚನ್ನು ಎಸೆಯಬೇಡಿ; ಅಷ್ಟು ತೆಳುವಾದ, ಅಷ್ಟು ಗಟ್ಟಿಯಾದ ತಗಡು ಬೇರೆಲ್ಲೂ ಪುಕ್ಕಟೆ ಸಿಗದು. ಮಿಲ್ಲಿನಿಂದ ಏನನ್ನು ತಂದರೂ, ಚಿಂದಿಯೇ ಆಗಲಿ, ಕೇಳಿ ಗೇಟ್‌ಪಾಸು ಬರೆಸಿಕೊಂಡೇ ತರಬೇಕು. ಇದು ಸ್ಟೋರ್ ಗುಮಾಸ್ತನ ಮಾತು, ಕ್ಷಮಿಸಿ.

ತಂತಿ ಪಟ್ಟಿಗಳಲ್ಲಿ ಆಗದ್ದು ಗುಂಡು ಉಬ್ಬಿನ ಭಾಗಗಳು: ಮಾಡಿನ ಗಾಳಿಗೂಡು, ಅಚ್ಚಿನ ಪೆಟ್ಟಿಗೆ, ಬಫರಿನ ಕೊಳವೆ. ಇವು ಹತ್ತಾರು ಒಂದೇ ತೆರ ಇರಬೇಕು. ಸೂರತ್ತಿನಲ್ಲಿ ಆಭರಣದವರು ಉಂಗುರದ ಅಚ್ಚನ್ನು ಕಂಪ್ಯೂಟರಿನಲ್ಲಿ ಬರೆದು ಮೇಣದಲ್ಲಿಯೋ ರೆಸಿನ್ನಿನಲ್ಲಿಯೋ ಮುದ್ರಿಸಿ, ಅದರಿಂದ ಲೋಹದ ಎರಕ ಹೊಯ್ಯುತ್ತಾರೆ. ಉಂಗುರ ಮಾಡುವ ಯಂತ್ರಕ್ಕೆ ಗಾಳಿಗೂಡು ಮಾಡಲು ಅಡ್ಡಿಯಿಲ್ಲ. ಒಂದನ್ನು ಮುದ್ರಿಸಿ, ರಬ್ಬರ್ ಅಚ್ಚು ತೆಗೆದುಕೊಂಡರೆ ಉಳಿದವನ್ನು ನಾವೇ ಹೊಯ್ದುಕೊಳ್ಳಬಹುದು. ಎರಕ ಸ್ವಲ್ಪ ಕುಗ್ಗುತ್ತದೆ. ಎಷ್ಟೆಂದು ಹೊಯ್ಯುವವರನ್ನು ಮೊದಲೇ ಕೇಳಿ ಮೂಲವನ್ನು ಅಷ್ಟು ದೊಡ್ಡದು ಮಾಡಿಸಬೇಕು. ಹಿತ್ತಾಳೆಯ ತಗಡನ್ನು ಆಮ್ಲದಲ್ಲಿ ಕೊರೆದು ಕಿಟಕಿಯ ಚೌಕಟ್ಟು ತೆಗೆಯುವ ಕ್ರಮವೂ ಉಂಟು. ಫಿಲ್ಮು, ಬೆಳಕು, ಲೇಪ ಎಲ್ಲ ನಮ್ಮ ಸ್ಕ್ರೀನ್ ಖಾತೆಯ ವಿದ್ಯೆಯೇ. ಆದರೆ ಕೊರೆಯುವ ಫೆರಿಕ್ ಕ್ಲೋರೈಡನ್ನು ಮಕ್ಕಳ ಕೈಗೆ ಕೊಡುವುದಕ್ಕೂ, ಮೋರಿಗೆ ಚೆಲ್ಲುವುದಕ್ಕೂ ನನ್ನ ಸಮ್ಮತಿಯಿಲ್ಲ. ಅದನ್ನು ಹೊರಗೆ ಬಲ್ಲವರಿಂದಲೇ ಮಾಡಿಸೋಣ.

ಅಳತೆ ಎಲ್ಲಿಂದ? ಉಧನಾ ನಿಲ್ದಾಣ ನಮಗೆ ಕೂಗಳತೆಯಲ್ಲಿದೆ. ಮೇಲ್ಸೇತುವೆಯ ಮೇಲೆ ನಿಂತರೆ ಡಬ್ಬಿಯ ಮಾಡು ಪೂರ್ತಿ ಕಾಣುತ್ತದೆ. ಗಾಳಿಗೂಡುಗಳನ್ನು ಎಣಿಸಲು ಬೇರೆ ಜಾಗ ಬೇಡ. ಪ್ಲಾಟ್‌ಫಾರಂ ಟಿಕೇಟು ತೆಗೆದುಕೊಂಡು ನಿಂತ ಗಾಡಿಯ ಹಿಡಿಕಂಬಿಯನ್ನು ಅಳೆದುಕೊಳ್ಳಬಹುದು. ಹಳಿಗೆ ಮಾತ್ರ ಯಾರೂ ಇಳಿಯಕೂಡದು. 1989ರ ರೈಲ್ವೆ ಕಾಯಿದೆಯಂತೆ ಅದು ಅಪರಾಧ, ಜೀವಕ್ಕೂ ಅಪಾಯ. ಎದುರಿನ ಪ್ಲಾಟ್‌ಫಾರಮಿನಿಂದ ನೇರವಾಗಿ ತೆಗೆದ ಫೋಟೋದಿಂದ ಉಳಿದ ಅಳತೆಗಳನ್ನು ತೆಗೆಯಬಹುದು. ಆಗ ಗಾಲಿಯನ್ನು ಅಳತೆಗೋಲಾಗಿ ಹಿಡಿಯಬೇಡಿ. ಹೊಸ ಗಾಲಿಯ ಅಡ್ಡಳತೆ 915 ಮಿ.ಮೀ. ಇದ್ದರೂ ಸವೆಯುತ್ತ 825ರವರೆಗೆ ಇಳಿಯುತ್ತದೆ. ನೀವು ಕಂಡದ್ದು ಎಷ್ಟಾಗಿತ್ತೋ ಯಾರು ಬಲ್ಲರು? ಅಚ್ಚಿನಿಂದ ಅಚ್ಚಿಗೆ 2896 ಎಂಬುದು ಸವೆಯುವುದಿಲ್ಲ, ಅದನ್ನೇ ಹಿಡಿಯಿರಿ. ಗ್ವಾಲಿಯರಿನ ಕ್ಯಾಮ್‌ಟೆಕ್ ಸಂಸ್ಥೆ ಈ ಡಬ್ಬಿಗಳ ದುರಸ್ತಿಯ ಕೈಪಿಡಿಯನ್ನು ಪ್ರಕಟಿಸಿದೆ. ಅದರಲ್ಲಿ ಗಾಲಿಚೌಕಟ್ಟಿನ ಚಿತ್ರಗಳಿವೆ.

ಕಾಲದ ಹೊಂದಿಕೆಯನ್ನೂ ನೋಡಬೇಕು. ಡಬ್ಬಿಗೆ ಕೆಂಗಂದು ಬಣ್ಣವೋ ನೀಲಿಯೋ ಎಂದು ಹುಡುಗರಲ್ಲಿ ಜಗಳ ನಡೆದಿದೆ. ಯಾವುದಾದರೂ ಸರಿ, ಆದರೆ ಬಣ್ಣಕ್ಕೆ ತಕ್ಕ ನಳಿಕೆ ಇರಲಿ. ಕೆಂಗಂದು ಕಾಲದ ಡಬ್ಬಿಗಳಿಗೆ ಸಾಮಾನ್ಯವಾಗಿ ವ್ಯಾಕ್ಯೂಮ್ ಬ್ರೇಕಿನ ದಪ್ಪ ನಳಿಕೆ. 1990ರ ದಶಕದಲ್ಲಿ ನೀಲಿ ಬಣ್ಣ ಬಂದದ್ದು ಏರ್ ಬ್ರೇಕಿನ ಜೊತೆಗೆ. ಅದರಲ್ಲಿ ಬ್ರೇಕ್ ಪೈಪು, ಫೀಡ್ ಪೈಪು ಎಂದು ಎರಡು ಬಗೆ. ಒಂದರ ಹಿಡಿಗೆ ಹಸಿರು, ಇನ್ನೊಂದಕ್ಕೆ ಬಿಳಿ. ಡಬ್ಬಿಯ ನಂಬರಿನ ಮೊದಲ ಎರಡು ಅಂಕಿಗಳು ಹಳೆಯ ಪದ್ಧತಿಯಲ್ಲಿ ಕಟ್ಟಿದ ವರ್ಷವನ್ನು ಹೇಳುತ್ತವೆ. ಕೆಂಗಂದು ಡಬ್ಬಿಗೆ 17ರಿಂದ ಶುರುವಾಗುವ ನಂಬರು ಬರೆದರೆ, ಬಲ್ಲವನು ಕಪಾಟಿನ ಮುಂದೆ ನಿಂತು ನಗುತ್ತಾನೆ.

ಊರಿಗೆ ಹೋಗುವಾಗ ಪುಣೆಯಲ್ಲಿ ಇಳಿಯುವವರಿದ್ದರೆ ಅಲ್ಲಿಯ ಜೋಶಿಯವರ ಪುಟ್ಟ ರೈಲುಗಳ ಸಂಗ್ರಹಾಲಯವನ್ನು ನೋಡಿಬನ್ನಿ, 1998ರಲ್ಲಿ ತೆರೆದದ್ದು. ಮೈಸೂರಿನ ರೈಲು ಸಂಗ್ರಹಾಲಯ 1979ರದ್ದು. ಅಲ್ಲಿ ಮಹಾರಾಣಿಯವರ ಸಲೂನು ಇದೆ. ಹಿಡಿಕೆ, ಕೀಲುಗಳನ್ನು ಹತ್ತಿರದಿಂದಲೇ ನೋಡಬಹುದು.

ನಮ್ಮ ಕೆಲಸದಲ್ಲಿ ಇನ್ನೂ ಸಿಗದೆ ನಿಂತಿರುವುದು ಡಬ್ಬಿಯ ಅಡಿಯ ಸಾಮಾನು, ಮುಖ್ಯವಾಗಿ ಬ್ಯಾಟರಿಯ ಪೆಟ್ಟಿಗೆ. ಪ್ಲಾಟ್‌ಫಾರಮಿನಿಂದ ಅದರ ಅರ್ಧವೇ ಕಾಣುತ್ತದೆ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ 1885ರಿಂದ ನಡೆದಿದೆ. ಡಬ್ಬಿಗಳ ದುರಸ್ತಿ ಅಲ್ಲಿಯೇ ಆಗುತ್ತದೆ. ತಮ್ಮಲ್ಲಿ ಯಾರಿಗಾದರೂ ಅಲ್ಲಿ ದುಡಿದು ನಿವೃತ್ತರಾದ ಬಂಧುಗಳಿದ್ದರೆ, ಪೆಟ್ಟಿಗೆಯ ಉದ್ದ, ಅಗಲ, ಎತ್ತರ, ಮುಚ್ಚಳದ ಕೀಲು ಎಷ್ಟು ಎಂಬ ನಾಲ್ಕು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆಸಿ ತರಬೇಕಾಗಿ ಕೇಳಿಕೊಳ್ಳುತ್ತೇನೆ. ಚೀಟಿಯನ್ನು ವಾಚನಾಲಯದ ಮೇಜಿನ ಖಾನೆಯಲ್ಲಿ ಹಾಕಿದರೆ ಸಾಕು. ಮುಂದಿನ ರವಿವಾರ ಸಂಜೆ ನಾಲ್ಕಕ್ಕೆ ಕಿಟಕಿಯ ಸರಳು ಕೂರಿಸಲು ಆರಂಭಿಸುತ್ತೇವೆ. ಚೂಪು ಮೊನೆಯ ಚಿಮಟವಿದ್ದವರು ತನ್ನಿ.