ಎಲೆ ಎತ್ತುವ ಮೌಸ್



ಇಸ್ಪೀಟಿನ ಎಲೆಯನ್ನು ಹೇಗೆ ಎತ್ತಿಡಬೇಕೆಂದು ಯಾರಿಗೂ ಪಾಠ ಹೇಳಬೇಕಾಗಿಲ್ಲ. ಎರಡು ಬೆರಳಿನಲ್ಲಿ ಹಿಡಿದರಾಯಿತು. ಆದರೆ ಅದೇ ಎಲೆ ಕಂಪ್ಯೂಟರಿನ ಪರದೆಯ ಮೇಲೆ ಬಂದಾಗ ಅದಕ್ಕೆ ತೂಕವಿಲ್ಲ, ಹಿಡಿಯಲು ಅಂಚೂ ಇಲ್ಲ. ಕೈಯಲ್ಲಿರುವುದು ಮೌಸ್ ಒಂದೇ. ಅದು ಕಂಪ್ಯೂಟರಿಗೆ ತಿಳಿಸುವ ಸಂಗತಿಗಳು ಮುಖ್ಯವಾಗಿ ಮೂರು: ಗುಂಡಿ ಒತ್ತಲಾಯಿತು, ಮೌಸ್ ಸರಿಯಿತು, ಗುಂಡಿ ಬಿಡಲಾಯಿತು. ಈ ಮೂರರಿಂದಲೇ ಆಡುವವರ ಮನಸ್ಸಿನಲ್ಲಿರುವುದನ್ನು ತಿಳಿಯುವುದು ಹೇಗೆ? ಇಂದು ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಅಮೆರಿಕದ ಡಗ್ಲಾಸ್ ಎಂಗೆಲ್‌ಬಾರ್ಟ್ ಅವರು 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೌಸನ್ನು ಸಭೆಯ ಮುಂದೆ ಬಳಸಿ ತೋರಿಸಿದರು. ಆದರೂ 1990ರಲ್ಲಿ ವಿಂಡೋಸ್ 3.0 ಬಂದಾಗ ಮೌಸನ್ನು ಮುಟ್ಟಿಯೇ ಇರದ ಜನ ಬಹಳ ಮಂದಿ ಇದ್ದರು. ಅದರ ಜೊತೆಯಲ್ಲೇ ಸಾಲಿಟೇರ್ ಎಂಬ ಒಬ್ಬರೇ ಆಡುವ ಇಸ್ಪೀಟಾಟವೂ ಬಂದಿತು. ಅದನ್ನು ಬರೆದ ವೆಸ್ ಚೆರ್ರಿ ಆಗ ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿ ತರಬೇತಿಗೆಂದು ಬಂದಿದ್ದ ವಿದ್ಯಾರ್ಥಿ. ಎಲೆಗಳ ಚಿತ್ರ ಸೂಸನ್ ಕೇರ್ ಅವರದು. ಕೆಂಪು ಏಳನ್ನು ಕಪ್ಪು ಎಂಟರ ಮೇಲೆ ಎಳೆದು ಇಡುತ್ತಾ ಇಡುತ್ತಾ ಅನೇಕರ ಕೈ ಮೌಸಿಗೆ ಪಳಗಿತು.

ಈಗ ಅಂಥ ಆಟವನ್ನು ನೀವೇ ರಚಿಸುತ್ತಿದ್ದೀರಿ ಎಂದುಕೊಳ್ಳಿ. ಆಡುವವರು ಎಲೆಯ ಮೇಲೆ ಗುಂಡಿ ಒತ್ತಿದರು. ಅದು ಬರಿಯ ಒತ್ತೋ, ಎಳೆಯುವುದರ ಆರಂಭವೋ? ಆ ಕ್ಷಣದಲ್ಲಿ ಯಂತ್ರಕ್ಕೆ ತಿಳಿಯದು. ಒತ್ತುವಾಗ ಕೈ ಸ್ವಲ್ಪ ಅಲುಗುವುದು ಸಹಜ. ಆದ್ದರಿಂದ ಒಂದು ಮಿತಿ ಬೇಕಾಗುತ್ತದೆ. ವಿಂಡೋಸ್‌ನಲ್ಲಿ ಇದು ಮೊದಲಿನಿಂದ ಇಟ್ಟಿರುವ ಬೆಲೆಯಂತೆ 4 ಪಿಕ್ಸೆಲ್, ಅಂದರೆ ಪರದೆಯ ನಾಲ್ಕು ಚುಕ್ಕಿ. ಅದನ್ನು ದಾಟಿದರೆ ಮಾತ್ರ ಎಳೆತ. ಹಾಗೆಯೇ ಎರಡು ಒತ್ತುಗಳು 500 ಮಿಲಿಸೆಕೆಂಡಿನೊಳಗೆ ಬಂದರೆ ಅದು ಜೋಡಿ ಒತ್ತು. ಇಲ್ಲೊಂದು ಸೂಕ್ಷ್ಮವಿದೆ. ಎರಡನೆಯ ಒತ್ತು ಬರುವುದೋ ಇಲ್ಲವೋ ತಿಳಿಯುವ ಮೊದಲೇ ಮೊದಲನೆಯದಕ್ಕೆ ಯಂತ್ರ ಉತ್ತರ ಕೊಡಬೇಕು. ಆದ್ದರಿಂದ ಒಂದು ಒತ್ತಿನ ಕೆಲಸ ಜೋಡಿ ಒತ್ತಿನ ಕೆಲಸಕ್ಕೆ ಅಡ್ಡಿಯಾಗಬಾರದು, ಅದರ ಮೊದಲ ಹೆಜ್ಜೆಯಂತೆ ಇರಬೇಕು. ಒಂದು ಒತ್ತಿಗೆ ಎಲೆಯ ಆಯ್ಕೆ, ಇನ್ನೊಂದಕ್ಕೆ ಅದರ ಸ್ಥಾನಕ್ಕೆ ರವಾನೆ ಎಂದಿಟ್ಟರೆ ಜಗಳವಿಲ್ಲ.

ಇನ್ನು ಎಲೆಯನ್ನು ಬಿಡುವ ಜಾಗ. 1954ರಲ್ಲಿ ಪಾಲ್ ಫಿಟ್ಸ್ ಎಂಬ ಮನೋವಿಜ್ಞಾನಿ ಒಂದು ನಿಯಮವನ್ನು ಕಂಡುಹಿಡಿದರು. ಗುರಿ ದೂರವಾದಷ್ಟೂ ಕೈ ಅಲ್ಲಿಗೆ ತಲುಪಲು ಹೆಚ್ಚು ಸಮಯ ಬೇಕು, ಗುರಿ ಅಗಲವಾದಷ್ಟೂ ಕಡಿಮೆ ಸಮಯ ಸಾಕು. ದೂರವನ್ನು ಅಗಲದಿಂದ ಭಾಗಿಸಿದಾಗ ಬರುವ ಸಂಖ್ಯೆಯ ಲಾಗರಿದಮ್ಮಿಗೆ ಅನುಗುಣವಾಗಿ ಈ ಸಮಯ ಏರುತ್ತದೆ. ಇದರಿಂದ ನಮಗೇನು ಪಾಠ? ಎಲೆಯನ್ನು ಕರಾರುವಾಕ್ಕಾಗಿ ಕೂರಿಸಬೇಕೆಂದು ಹಟ ಹಿಡಿಯಬಾರದು. ಎಲೆಯ ಒಂದು ಭಾಗ ಸಾಲನ್ನು ತಾಗಿದರೂ ಇಟ್ಟಂತೆ ಎಂದು ಒಪ್ಪಿಕೊಂಡರೆ ಗುರಿ ತಾನಾಗಿಯೇ ಅಗಲವಾಗುತ್ತದೆ. ನಿಯಮಕ್ಕೆ ಹೊಂದದ ಕಡೆ ಬಿಟ್ಟರೆ ಎಲೆ ಮೊದಲಿನ ಜಾಗಕ್ಕೆ ಮರಳಲಿ. ತಪ್ಪಿಗೆ ದಂಡವಿಲ್ಲದಿದ್ದರೆ ಹೊಸಬರೂ ಧೈರ್ಯವಾಗಿ ಪ್ರಯತ್ನಿಸುತ್ತಾರೆ.

ಆದರೆ ಎಳೆಯುವುದು ಎಲ್ಲರಿಗೂ ಸುಲಭವೆ? ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಕೈಯನ್ನು ಸರಿಸಬೇಕು, ನಡುವೆ ಬೆರಳು ಸಡಿಲವಾಗಬಾರದು. ಮೆಕೆಂಝಿ, ಸೆಲೆನ್ ಮತ್ತು ಬಕ್ಸ್‌ಟನ್ ಎಂಬ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗುರಿಗೆ ಹೋಗಿ ಒತ್ತುವುದಕ್ಕಿಂತ ಎಳೆದು ಬಿಡುವುದು ನಿಧಾನವೆಂದೂ ಅದರಲ್ಲಿ ತಪ್ಪುಗಳು ಹೆಚ್ಚೆಂದೂ ಕಂಡುಬಂದಿತು. ಕೈ ನಡುಗುವ ಅಜ್ಜನಿಗೋ, ಸಂಧಿವಾತದಿಂದ ಬೆರಳು ಬಿಗಿದ ಅಜ್ಜಿಗೋ ಇದು ಎಷ್ಟು ಕಷ್ಟವೆಂದು ಊಹಿಸಿ. ಅರ್ಧ ದಾರಿಯಲ್ಲಿ ಎಲೆ ಕೈತಪ್ಪಿದರೆ, ಆಟ ತನಗೆ ಬಾರದೆಂದು ಅವರು ಎದ್ದುಹೋಗುತ್ತಾರೆ. ದೋಷ ಅವರದಲ್ಲ, ಆಟ ರಚಿಸಿದವರದು.

ಇದಕ್ಕೆ ಒಳ್ಳೆಯ ಪರಿಹಾರ ಇನ್ನೊಂದು ಇಸ್ಪೀಟಾಟದಲ್ಲೇ ಇತ್ತು. ಪಾಲ್ ಆಲ್ಫಿಲ್ 1978ರಲ್ಲಿ ಪ್ಲೇಟೊ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಬರೆದ ಫ್ರೀಸೆಲ್ ಆಟವನ್ನು ಜಿಮ್ ಹಾರ್ನ್ ವಿಂಡೋಸ್‌ಗೆ ತಂದರು. ವಿಂಡೋಸ್ 95ರಲ್ಲಿದ್ದ ಆ ಆಟದಲ್ಲಿ ಎಳೆಯುವ ಮಾತೇ ಇರಲಿಲ್ಲ. ಎಲೆಯ ಮೇಲೊಮ್ಮೆ ಒತ್ತಿದರೆ ಅದರ ಬಣ್ಣ ಬದಲಾಗುತ್ತಿತ್ತು, ಹೋಗಬೇಕಾದ ಜಾಗದಲ್ಲಿ ಇನ್ನೊಮ್ಮೆ ಒತ್ತಿದರೆ ಅಲ್ಲಿಗೆ ಹೋಗುತ್ತಿತ್ತು. ಎರಡು ಒತ್ತುಗಳ ನಡುವೆ ಕೈಗೆ ಬೇಕಾದಷ್ಟು ವಿರಾಮ. ವಿಶ್ವವ್ಯಾಪಿ ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಎಳೆಯುವುದು ಅನಿವಾರ್ಯವಾದ ಕಡೆಗಳನ್ನು ಬಿಟ್ಟರೆ, ಎಳೆದು ಮಾಡುವ ಕೆಲಸವನ್ನು ಎಳೆಯದೆಯೂ ಮಾಡಲು ದಾರಿಯಿರಬೇಕು.

ಹಾಗೆಂದು ಎಳೆಯುವುದನ್ನು ಕೈಬಿಡಬೇಕಾಗಿಲ್ಲ. ಎಲೆ ಕೈಯ ಹಿಂದೆಯೇ ಬರುವ ಸುಖ ಅದರಲ್ಲಿದೆ. ಎರಡೂ ದಾರಿಗಳಿರಲಿ, ಆಯ್ಕೆ ಆಡುವವರದಾಗಲಿ.

ಮಿತ್ರರೇ, ಇದನ್ನು ಕಲಿಯಲು ಕಂಪ್ಯೂಟರೇ ಬೇಕೆಂದಿಲ್ಲ. ಗೆಳೆಯನೊಬ್ಬನನ್ನು ಎಲೆಗಳ ಮುಂದೆ ಕೂರಿಸಿ, "ಒತ್ತಿದೆ, ಸರಿಸಿದೆ, ಬಿಟ್ಟೆ" ಎಂಬ ಮೂರೇ ಮಾತಿನಲ್ಲಿ ಅವನಿಂದ ಆಟ ಆಡಿಸಿ ನೋಡಿ. ಎಲ್ಲಿ ಅವನು ತಡವರಿಸುತ್ತಾನೋ ಅಲ್ಲಿ ನಿಮ್ಮ ನಿಯಮವನ್ನು ತಿದ್ದಿ, ಅವನನ್ನಲ್ಲ. ಆಮೇಲೆ ಅದೇ ಆಟವನ್ನು ಮನೆಯ ಹಿರಿಯರಿಂದಲೂ ಆಡಿಸಿ. ಅವರ ಕೈಗೆ ಒಗ್ಗಿದ ಆಟ ಎಲ್ಲರ ಕೈಗೂ ಒಗ್ಗೀತು.