ಹಳೆಯ ಕಾರಿಗೆ ಆಕ್ಸಿಜನ್ ಸೆನ್ಸರ್ ಕೊಳ್ಳುವ ಮುನ್ನ



ಆದವಾನಿ, ಆಲೂರು, ಕೌತಾಳಂ ಕಡೆಯ ನಿಮ್ಮಲ್ಲಿ ಹಲವರ ಮನೆ ಮುಂದೆ ಈಗ ಹಳೆಯ ಪೆಟ್ರೋಲ್ ಕಾರು ನಿಂತಿರುತ್ತದೆ. ಎಂಜಿನ್ ದೀಪ ಹತ್ತಿ, ಪೆಟ್ರೋಲ್ ಹೆಚ್ಚು ಕುಡಿಯತೊಡಗಿದರೆ ಮೆಕ್ಯಾನಿಕ್ ಥಟ್ಟನೆ, 'ಸೆನ್ಸರ್ ಹೋಗಿದೆ' ಎನ್ನುತ್ತಾನೆ. ಕೂಡಲೇ ದುಡ್ಡು ಬಿಚ್ಚಬೇಡಿ.

ಈ ಸೆನ್ಸರ್ ಹೊಗೆಯ ಕೊಳವೆಯಲ್ಲಿ ಕೂತು, ಹೊಗೆಯಲ್ಲಿ ಉಳಿದ ಆಮ್ಲಜನಕ ಎಷ್ಟೆಂದು ಕಂಪ್ಯೂಟರಿಗೆ ತಿಳಿಸುತ್ತದೆ. ಪೆಟ್ರೋಲ್ ಅಳತೆ ಅದರಂತೆ ಹೆಚ್ಚುಕಡಿಮೆಯಾಗುತ್ತದೆ. ಕೊಳವೆ ಸೋರಿ ಹೊರಗಾಳಿ ನುಗ್ಗಿದರೆ ಒಳ್ಳೆಯ ಸೆನ್ಸರೂ ಸುಳ್ಳು ಸಾಕ್ಷಿ ಹೇಳುತ್ತದೆ. ವೈರನ್ನು ಇಲಿ ಕಡಿದಿದ್ದರೂ ಅಷ್ಟೇ. ಹತ್ತಿ ಗೋದಾಮಿರುವ ಊರಲ್ಲಿ ಇಲಿಗೇನು ಬರ! ಅದನ್ನೆಲ್ಲ ನೋಡಿದ ಮೇಲೆ, ಎಂಜಿನ್ ಬಿಸಿಯಾದಾಗ ಸ್ಕ್ಯಾನರಿನಲ್ಲಿ ಪರೀಕ್ಷಿಸಲು ಹೇಳಿ. ಹಳೆಯ ಗಾಡಿಗಳ ಸಾಮಾನ್ಯ ಸೆನ್ಸರ್ ಸುಮಾರು 0.1ರಿಂದ 0.9 ವೋಲ್ಟ್ ನಡುವೆ ಬೇಗಬೇಗ ಏರಿಳಿಯಬೇಕು. ಎರಡಿರುವ ಗಾಡಿಯಲ್ಲಿ ಹಿಂದಿನದು ಹೆಚ್ಚುಕಡಿಮೆ ಸ್ಥಿರವಾಗಿರುವುದೇ ಸರಿ. ಅದನ್ನು ಕಂಡು 'ಸತ್ತಿದೆ' ಎನ್ನುವವರೂ ಇದ್ದಾರೆ!

ಬದಲಿಸಲೇಬೇಕಾದರೆ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಬಳ್ಳಾರಿಯಲ್ಲಿ ಕನ್ನಡದಲ್ಲಿ ಕೇಳಿ, ಕರ್ನೂಲಿನಲ್ಲಿ ತೆಲುಗಿನಲ್ಲಿ ಕೇಳಿ, ಪಾರ್ಟ್ ನಂಬರ್ ಮಾತ್ರ ನಿಮ್ಮ ಗಾಡಿಯದೇ ಆಗಿರಲಿ. ನಾಲ್ಕು ವೈರ್ ಇದ್ದ ಮಾತ್ರಕ್ಕೆ ಒಂದೇ ಅಲ್ಲ. ಒಳಗಿನ ಹೀಟರ್ ಬೇರೆಯಿರಬಹುದು. ಪ್ಲಗ್ಗು, ವೈರಿನ ಉದ್ದ ಎರಡೂ ಹೊಂದಬೇಕು. ಎಲ್ಲ ಕಾರಿಗೂ ಆಗುತ್ತದೆನ್ನುವ ಪ್ಲಗ್ಗಿಲ್ಲದ ಸೆನ್ಸರ್ ಅಗ್ಗ, ಆದರೆ ವೈರ್ ಕತ್ತರಿಸಿ ಜೋಡಿಸಬೇಕು. ಅನೇಕ ಸೆನ್ಸರುಗಳು ವೈರಿನೊಳಗಿಂದಲೇ ಹೊರಗಾಳಿ ಪಡೆಯುತ್ತವೆ. ಬೆಸುಗೆ ಹಾಕಿದರೆ ಆ ದಾರಿ ಕಟ್ಟಬಹುದು.

ಕೂರಿಸುವಾಗ ತುದಿಗೆ ಗ್ರೀಸ್ ತಗಲಬಾರದು. ಸೆನ್ಸರಿನ ಹಳೆಯ ಶತ್ರು ಸೀಸದ ಪೆಟ್ರೋಲ್. ಅದು 2000ದಲ್ಲಿ ನಿಂತಿತು. ಈಗಿನ ಶತ್ರು ಗ್ಯಾಸ್ಕೆಟ್ಟಿಗೆ ಬಳಿಯುವ ಸಿಲಿಕೋನ್ ಅಂಟು. ಸೆನ್ಸರಿಗೆ ಒಗ್ಗುವ ಅಂಟೇ ಬೇರೆ ಸಿಗುತ್ತದೆ. ಡಬ್ಬಿಯ ಮೇಲೆ ಓದಿ ಕೊಳ್ಳಿ.