ನಾನಾ ಶಂಕರಶೇಠರೂ ದೇಶಭಾಷೆಯ ಶಿಕ್ಷಣವೂ
(ಶತಮಾನೋತ್ಸವದ ಸಭೆಯಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ನೂರು ತುಂಬಿದ ಕನ್ನಡ ಶಾಲೆಯಲ್ಲಿ ಮುಂಬಯಿಯ ಸಾಹುಕಾರರೊಬ್ಬರ ಮಾತೇಕೆ ಎಂದು ತಾವು ಕೇಳಬಹುದು. ನಮ್ಮ ಸೊಲ್ಲಾಪುರವೂ ಅತ್ತಣ ಧಾರವಾಡವೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಮಕ್ಕಳಿಗೆ ಯಾವ ಭಾಷೆಯಲ್ಲಿ ಕಲಿಸಬೇಕೆಂಬ ವಾದದಲ್ಲಿ ದೇಶಭಾಷೆಗಳ ಪಕ್ಷ ವಹಿಸಿ ನಿಂತವರು ಅವರು.

ಜನರು ನಾನಾ ಎಂದು ಕರೆಯುತ್ತಿದ್ದ ಜಗನ್ನಾಥ ಶಂಕರಶೇಠರು 1803ರಲ್ಲಿ ದೈವಜ್ಞ ಮನೆತನವೊಂದರಲ್ಲಿ ಜನಿಸಿದರು. ಅರಬ ಮತ್ತು ಅಫಘಾನ ವರ್ತಕರು ಬ್ಯಾಂಕುಗಳಿಗಿಂತ ಹೆಚ್ಚಾಗಿ ಅವರನ್ನೇ ನಂಬಿ ತಮ್ಮ ಹಣವನ್ನು ಅವರ ಬಳಿ ಇಡುತ್ತಿದ್ದರಂತೆ. ಆ ನಂಬಿಕೆಯೇ ಅವರ ಸಾರ್ವಜನಿಕ ಜೀವನದ ಮೂಲ ಬಂಡವಾಳವಾಯಿತೆಂದು ನಾವು ಭಾವಿಸುತ್ತೇವೆ. 1852ರಲ್ಲಿ ಬಾಂಬೆ ಅಸೋಸಿಯೇಷನ್ ಸ್ಥಾಪನೆಗೆ ಅವರು ಮುಂದಾದರು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಮೊದಲ ರೈಲು ಓಡಿಸಿದ ಕಂಪನಿಯೊಡನೆಯೂ ಅವರ ನಂಟಿತ್ತು. ಹೆಣ್ಣುಮಕ್ಕಳ ಶಾಲೆಗೆ ಸ್ವಂತ ಮನೆಯಲ್ಲೇ ಸ್ಥಳ ಕೊಟ್ಟರು. ಅದು ನಿಂದೆಯನ್ನು ಕರೆತರುವ ಕೆಲಸವಾಗಿದ್ದ ಕಾಲ.

ಆದರೆ ನಮಗೆ ಮುಖ್ಯವಾದುದು 1847ರ ಪ್ರಸಂಗ. ಪ್ರಾಂತದ ಶಿಕ್ಷಣವನ್ನು ನೋಡಿಕೊಳ್ಳುತ್ತಿದ್ದ ಮಂಡಳಿಯ ಅಧ್ಯಕ್ಷ ಅರ್ಸ್ಕಿನ್ ಪೆರಿ ಎಂಬ ನ್ಯಾಯಾಧೀಶರು. ಇರುವ ಹಣ ಅಲ್ಪ, ಆದುದರಿಂದ ಕೆಲವರಿಗೆ ಇಂಗ್ಲಿಷಿನಲ್ಲಿ ಚೆನ್ನಾಗಿ ಕಲಿಸಿದರೆ ಸಾಕು, ವಿದ್ಯೆ ತಾನಾಗಿ ಕೆಳಗಿಳಿದೀತು ಎಂಬುದು ಅವರ ಮತ. ಕರ್ನಲ್ ಜರ್ವಿಸ್ ಇದನ್ನು ವಿರೋಧಿಸಿದರು. ಮಂಡಳಿಯಲ್ಲಿದ್ದ ಮೂವರು ಭಾರತೀಯರೂ, ಅಂದರೆ ನಾನಾ, ಪಾರಸಿ ಫ್ರಾಮಜಿ ಕಾವಸಜಿ, ಮುಸಲ್ಮಾನರಾದ ಮಹಮ್ಮದ ಇಬ್ರಾಹಿಂ ಮಕ್ಬಾ, ಜರ್ವಿಸರ ಕಡೆಗೇ ನಿಂತರು. ಪಶ್ಚಿಮ ಭಾರತದ ಸಾಮಾನ್ಯ ಜನರಿಗೆ ಜ್ಞಾನವನ್ನು ಮುಟ್ಟಿಸಲು ಅವರವರ ಭಾಷೆಯೇ ಇಂಗ್ಲಿಷಿಗಿಂತ ಯೋಗ್ಯವೆಂದು ನಾನಾ ಬರೆದುಕೊಟ್ಟರು.

ಅವರು ಇಂಗ್ಲಿಷಿನ ದ್ವೇಷಿಯಾಗಿದ್ದರೆ ಈ ಮಾತಿಗೆ ಇಷ್ಟು ತೂಕ ಬರುತ್ತಿರಲಿಲ್ಲ. ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯ ಏಳ್ಗೆಗೆ ದುಡಿದವರು ಅವರೇ.

ವಾದ ಪೂರ್ಣವಾಗಿ ಗೆದ್ದಿತೇ? ಇಲ್ಲ. 1854ರ ವುಡ್‌ ಅವರ ಶಿಕ್ಷಣ ಪತ್ರವು ಮೇಲಿನ ವಿದ್ಯೆಗೆ ಇಂಗ್ಲಿಷನ್ನೂ ಜನಸಾಮಾನ್ಯರ ವಿದ್ಯೆಗೆ ದೇಶಭಾಷೆಯನ್ನೂ ಹೇಳಿತು. ದೇಶಭಾಷೆ ಎಂದರೆ ಯಾವುದು ಎಂಬ ಪ್ರಶ್ನೆ ಆಮೇಲೂ ಉಳಿಯಿತು. ಧಾರವಾಡದ ಸೀಮೆಯಲ್ಲಿಯೇ ಮರಾಠಿ ಶಾಲೆಗಳಿದ್ದವು. ಅಲ್ಲಿ ಕನ್ನಡವನ್ನು ನೆಲೆಗೊಳಿಸಲು ಡೆಪ್ಯುಟಿ ಚನ್ನಬಸಪ್ಪನವರು ಶ್ರಮಿಸಬೇಕಾಯಿತು.

ಪೆರಿ ಸಾಹೇಬರ ಪ್ರಶ್ನೆಯನ್ನೇ ಪ್ರತಿ ಜೂನ್ ತಿಂಗಳಲ್ಲಿ ಪಾಲಕರು ನಮ್ಮ ಮುಂದಿಡುತ್ತಾರೆ. ಮಗುವಿನ ಮುಂದಿನ ಅನ್ನದ ಚಿಂತೆ ಅದರಲ್ಲಿದೆ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಒಂದನೆಯ ಇಯತ್ತೆಯಿಂದಲೇ ನಾವು ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುತ್ತೇವೆ, ಮರಾಠಿಯನ್ನೂ ಕಲಿಸುತ್ತೇವೆ. ಗಣಿತವನ್ನೂ ವಿಜ್ಞಾನವನ್ನೂ ಮಾತ್ರ ಮಗು ಮನೆಯಲ್ಲಿ ಆಡುವ ಕನ್ನಡದಲ್ಲಿ ತಿಳಿಯಲಿ ಎನ್ನುತ್ತೇವೆ. ದಾಖಲೆಗೆ ಬರುವ ಮುನ್ನ ಒಂದು ದಿನ ವರ್ಗದಲ್ಲಿ ಕುಳಿತು ಪಾಠ ಕೇಳಿರಿ. ಶಾಲೆಯ ಬಾಗಿಲು ತೆರೆದಿದೆ.